ಹೊಳೆಯುವ ಅಕ್ಷರಗಳು ಚೀಟಿಗೆ ಬರಲಿಲ್ಲ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಕಿಟಕಿ ಇರಲಿಲ್ಲ. ಹಿಂದೆ ಅದು ಎಕ್ಸ್‌ರೇ ಫಿಲ್ಮು ತೊಳೆಯುವ ಕತ್ತಲೆಕೋಣೆಯಾಗಿತ್ತು. ಗೋಡೆಗೆ ಬಣ್ಣ ಹೊಡೆಸಿ, ಏಸಿ ಕೂರಿಸಿ, ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು ತೂಗಿಸಿ ನಮ್ಮ ಕಂಪೆನಿಗೆ ಬಿಟ್ಟುಕೊಟ್ಟಿದ್ದರು. ಹೊರಗೆ ಜನ ಏಪ್ರಿಲ್ ತಿಂಗಳ ಸೆಕೆಗೆ ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ಒಳಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆ. ಬಾಗಿಲಿನ ಹೊರಗೆ ಇಡೀ ದಿನ ಒಂದೇ ಜೊತೆ ಚಪ್ಪಲಿ, ನನ್ನದು.

ಎಂಬತ್ತರ ದಶಕದ ಕೊನೆಯ ಮಾತು ಇದು. ಕದ್ರಿಯಲ್ಲಿದ್ದ ನಮ್ಮ ಕಂಪೆನಿಯಲ್ಲಿ ಸಿ ಭಾಷೆ ಗೊತ್ತಿದ್ದವರು ಇಬ್ಬರೇ. ಇನ್ನೊಬ್ಬರು ನನ್ನ ಸೀನಿಯರ್. ಆಸ್ಪತ್ರೆಯ ಪ್ರೋಗ್ರಾಮನ್ನು ಬಹುಪಾಲು ಬರೆದವರು ಅವರೇ. ಅವರನ್ನು ಹುಬ್ಬಳ್ಳಿಯ ಒಂದು ಕೆಲಸಕ್ಕೆ ಕಳುಹಿಸಿದ ಮೇಲೆ ಉಳಿದವಳು ನಾನೊಬ್ಬಳು. ಒಂದು ಯುನಿಕ್ಸ್ ಯಂತ್ರ, ಅದಕ್ಕೆ ಜೋಡಿಸಿದ ನಾಲ್ಕು ಟರ್ಮಿನಲ್: ದಾಖಲಾತಿ ಕೌಂಟರಿನಲ್ಲಿ ಒಂದು, ಹೆಂಗಸರ ವಾರ್ಡಿನಲ್ಲಿ ಒಂದು, ಗಂಡಸರ ವಾರ್ಡಿನಲ್ಲಿ ಒಂದು, ಔಷಧದ ಕೋಣೆಯಲ್ಲಿ ಒಂದು. ಹಸಿರು ಅಕ್ಷರ ಮೂಡುವ ಪರದೆಗಳು. ಎಲ್ಲ ವಿವರವೂ ಇಂಗ್ಲಿಷಿನಲ್ಲಿ. ಯಾವುದಾದರೂ ಕೆಟ್ಟರೆ ನನ್ನನ್ನು ಕರೆಯುತ್ತಿದ್ದರು. ಕೆಡದಿದ್ದರೆ ಯಾರೂ ಕರೆಯುತ್ತಿರಲಿಲ್ಲ. ಕೆಲವು ದಿನ ಬೆಳಿಗ್ಗೆ ಬಸ್ಸಿನ ಕಂಡಕ್ಟರನ ಹತ್ತಿರ ಮಾತನಾಡಿದ ಮೇಲೆ ಸಂಜೆಯವರೆಗೆ ನನ್ನ ಬಾಯಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ.

ಒಂದು ದಿನ ಮೇಟ್ರನ್ ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದರು. ಆಸ್ಪತ್ರೆಯ ನರ್ಸುಗಳೆಲ್ಲ ಅವರ ಕೈಕೆಳಗೆ. ಮಾತು ಕಮ್ಮಿ, ನಡಿಗೆ ಜೋರು.

"ಡಾಕ್ಟರು ರೌಂಡ್ಸಿಗೆ ಬರುವಾಗ ಈ ಪರದೆಯನ್ನು ಹೊತ್ತುಕೊಂಡು ಮಂಚದಿಂದ ಮಂಚಕ್ಕೆ ಹೋಗ್ಲಿಕ್ಕೆ ಆಗ್ತದಾ? ಪರದೆಯಲ್ಲಿ ಎಂತ ಉಂಟೋ ಅದು ಹಾಗೆಯೇ ಕಾಗದದಲ್ಲಿ ಬೇಕು. ನರ್ಸು ಒಂದು ಬಟನ್ ಒತ್ತಬೇಕು, ಚೀಟಿ ಬರಬೇಕು. ಆಗ್ತದಾ?"

"ಆಗ್ತದೆ ಮೇಡಂ," ಎಂದೆ. ಹೇಗೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ನಮ್ಮ ಪ್ರೋಗ್ರಾಮಿನಲ್ಲಿ ಹನ್ನೊಂದು ಬಗೆಯ ಪರದೆಗಳಿದ್ದವು. ಒಂದೊಂದಕ್ಕೂ ಬೇರೆ ಬೇರೆ ಮುದ್ರಣದ ಪ್ರೋಗ್ರಾಮ್ ಬರೆಯಹೊರಟರೆ ತಿಂಗಳುಗಟ್ಟಲೆ ಕೆಲಸ. ಆದರೆ ಪರದೆಗೆ ಬರೆಯಲು ನಾವು ಬಳಸುತ್ತಿದ್ದ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಫಂಕ್ಷನ್‌ಗಳ ಕಟ್ಟಿನಲ್ಲಿ, ‘ಇಂಚ್’ ಎಂಬ ಪುಟ್ಟ ಫಂಕ್ಷನ್ ಇತ್ತು. ಅಳತೆಯ ಇಂಚಿಗೂ ಅದಕ್ಕೂ ಸಂಬಂಧವಿಲ್ಲ. ಪರದೆಯ ಯಾವುದಾದರೂ ಒಂದು ಜಾಗಕ್ಕೆ ಹೋಗಿ ‘ಇಲ್ಲಿ ಯಾವ ಅಕ್ಷರ ಇದೆ?’ ಎಂದು ಕೇಳಿದರೆ ಅದು ಆ ಅಕ್ಷರವನ್ನು ಸಂಖ್ಯೆಯ ರೂಪದಲ್ಲಿ ಹಿಂದಕ್ಕೆ ಕೊಡುತ್ತದೆ. ಗಾಜಿನ ಮೇಲೆ ಕಾಣುವುದನ್ನು ಅದು ನೋಡುವುದಿಲ್ಲ. ಪ್ರೋಗ್ರಾಮು ಪರದೆಯಲ್ಲಿ ಏನೇನು ಬರೆದಿದ್ದೇನೆ ಎಂದು ನೆನಪಿನಲ್ಲಿ ಒಂದು ನಕಲು ಇಟ್ಟುಕೊಂಡಿರುತ್ತದಲ್ಲ, ಆ ನಕಲಿನಿಂದ ಓದಿ ಹೇಳುತ್ತದೆ. ಇಪ್ಪತ್ತನಾಲ್ಕು ಸಾಲು, ಸಾಲಿಗೆ ಎಂಬತ್ತು ಅಕ್ಷರ. ಸಾವಿರದ ಒಂಬೈನೂರ ಇಪ್ಪತ್ತು ಸಲ ಕೇಳಿದರೆ ಇಡೀ ಪರದೆ ಕೈಗೆ ಬಂತು. ಹನ್ನೊಂದು ಪರದೆಗೂ ಒಂದೇ ಉತ್ತರ.

ಸಾಲುಗಳನ್ನು ಎಣಿಸಲು ಒಂದು, ಸಾಲಿನೊಳಗಿನ ಅಕ್ಷರಗಳಿಗೆ ಒಂದು, ಹೀಗೆ ಒಂದರೊಳಗೊಂದು ಎರಡು ಲೂಪು. ಮೂವತ್ತು ಸಾಲಿನ ಪ್ರೋಗ್ರಾಮೂ ಆಗಲಿಲ್ಲ. ಮೊದಲ ಪರೀಕ್ಷೆಯಲ್ಲಿ ಚೀಟಿ ಬಂತು, ಆದರೆ ಕೆಳತುದಿಯಲ್ಲಿ ಏನೇನೋ ವಿಚಿತ್ರ ಚಿಹ್ನೆಗಳು ಬಿದ್ದು, ಪ್ರಿಂಟರ್ ಅರ್ಧ ಪುಟ ಕಾಗದವನ್ನು ಸುಮ್ಮಸುಮ್ಮನೆ ಹೊರಗೆ ತಳ್ಳಿತು. ನಾನು ಒಂದು ಸಾಲು ಸೇರಿಸಿದೆ: ಬಂದ ಸಂಖ್ಯೆ ಮುದ್ರಿಸಬಹುದಾದ ಅಕ್ಷರದ್ದಲ್ಲದಿದ್ದರೆ, ಅಂದರೆ 126ಕ್ಕಿಂತ ಹೆಚ್ಚಿದ್ದರೆ, ಆ ಜಾಗ ಖಾಲಿ ಬಿಡು. ಚಿಹ್ನೆಗಳು ಮಾಯವಾದವು. ಚೀಟಿ ಚೊಕ್ಕವಾಗಿ ಬಂತು. ಆ ಚಿಹ್ನೆಗಳು ಎಲ್ಲಿಂದ ಬಂದಿದ್ದವು ಎಂದು ನಾನು ಕೇಳಿಕೊಳ್ಳಲಿಲ್ಲ.

ಆ ದಿನ ನನಗಾದ ಖುಷಿಯನ್ನು ಯಾರಿಗಾದರೂ ಹೇಳಬೇಕಿತ್ತು. ಉರ್ವದಲ್ಲಿ ಅಣ್ಣನ ಮನೆಯಲ್ಲಿ ನನ್ನ ವಾಸ. ಅಣ್ಣ ಮಸ್ಕತ್ತಿನಲ್ಲಿ ಇದ್ದ. ಮನೆಯಲ್ಲಿ ಅತ್ತಿಗೆ, ಅವರ ಎರಡು ಸಣ್ಣ ಮಕ್ಕಳು. ಅತ್ತಿಗೆ ಮೀನು ತೊಳೆಯುತ್ತಿದ್ದರು. ಪಕ್ಕದಲ್ಲಿ ನಿಂತು ತುಳುವಿನಲ್ಲಿ ಎಲ್ಲವನ್ನೂ ವಿವರಿಸಿದೆ.

ಅತ್ತಿಗೆ ತಾಳ್ಮೆಯಿಂದ ಕೇಳಿದರು. "ಅಂದರೆ, ನೀನೇ ಪರದೆಯಲ್ಲಿ ಬರೆದದ್ದನ್ನು ನೀನೇ ಪುನಃ ಓದಿದ್ದು?"

"ಹೌದು."

"ಬರೆದವಳಿಗೆ ಗೊತ್ತಿರುವುದಿಲ್ವಾ ಎಂತ ಬರೆದದ್ದು ಅಂತ? ಅದರಲ್ಲಿ ದೊಡ್ಡ ಸಂಗತಿ ಎಂತ ಉಂಟು ಮಾರಾಯ್ತಿ?"

ನಾನು ನಕ್ಕು ಬಟ್ಟೆ ಬದಲಿಸಲು ಒಳಗೆ ಹೋದೆ. ಅವರದು ತಪ್ಪಲ್ಲ. ಅಣ್ಣನಿಗೆ ಬರೆದ ಕಾಗದದಲ್ಲಿ ಈ ವಿಷಯವನ್ನು ಎರಡು ಸಾಲು ಹಾಕಿ, ಮತ್ತೆ ಹೊಡೆದುಹಾಕಿದೆ.

ಚೀಟಿ ವಾರ್ಡುಗಳಲ್ಲಿ ಬಹಳ ಬೇಗ ಜನಪ್ರಿಯವಾಯಿತು. ಪ್ರತಿ ಮಂಚದ ಕಾಲದೆಸೆಯಲ್ಲಿ ಫೈಲು, ಫೈಲಿನ ಮೇಲೆ ನನ್ನ ಚೀಟಿ. ಹೋಗುವಾಗ ಬರುವಾಗ ಅವುಗಳನ್ನು ನೋಡಿಕೊಂಡು ಹೋಗುವುದು ನನಗೊಂದು ಅಭ್ಯಾಸವಾಯಿತು.

ಹನ್ನೊಂದನೆಯ ದಿನ ಮೇಟ್ರನ್ ಹೇಳಿಕಳುಹಿಸಿದರು. ಹೆಂಗಸರ ವಾರ್ಡಿನ ಟರ್ಮಿನಲ್ ಮುಂದೆ ಅವರು, ಪಕ್ಕದಲ್ಲಿ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಒಬ್ಬ ನರ್ಸು. ನರ್ಸಿನ ಕಣ್ಣು ಕೆಂಪಾಗಿತ್ತು.

ಆಗಿದ್ದು ಇಷ್ಟು. ಬೀಡಿ ಕಟ್ಟುವ ಐವತ್ತರ ಆಸುಪಾಸಿನ ಹೆಂಗಸು ಕಾಲಿನ ಹುಣ್ಣಿಗೆಂದು ದಾಖಲಾಗಿದ್ದರು. ಡಾಕ್ಟರು ಪೆನಿಸಿಲಿನ್ ಬರೆದರು. ನರ್ಸು ಚೀಟಿ ನೋಡಿದಳು. ‘ಅಲರ್ಜಿ’ ಎಂಬಲ್ಲಿ ಏನೂ ಇರಲಿಲ್ಲ. ಕ್ರಮದಂತೆ ಮೊದಲು ಪರೀಕ್ಷೆಯ ಸಣ್ಣ ಡೋಸ್ ಚುಚ್ಚಿದಳು. ಅಷ್ಟಕ್ಕೇ ಆ ಹೆಂಗಸಿನ ಮುಖ ಊದಿ, ಉಸಿರು ಕಟ್ಟತೊಡಗಿತು. ಡಾಕ್ಟರು ಅದೇ ವಾರ್ಡಿನಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಜೀವ ಉಳಿಯಿತು.

ಮೇಟ್ರನ್ ಚೀಟಿಯನ್ನು ಪರದೆಯ ಪಕ್ಕಕ್ಕೆ ಹಿಡಿದರು. "ನೋಡಿ. ಪರದೆಯಲ್ಲಿ ಅಲರ್ಜಿ, ಪೆನಿಸಿಲಿನ್ ಅಂತ ಉಂಟು. ಚೀಟಿಯಲ್ಲಿ ಇಲ್ಲ. ಇವಳು ಚೀಟಿ ಖಾಲಿ ಇತ್ತು ಅಂತಾಳೆ. ಹಾಗಾದರೆ ಕೇಳದೆ ಸೂಜಿ ಹಾಕಿ, ತಪ್ಪು ಮುಚ್ಚಲಿಕ್ಕೆ ಇದನ್ನು ಆಮೇಲೆ ಟೈಪ್ ಮಾಡಿ ಸೇರಿಸಿದ್ದು. ಹೌದಾ ಅಲ್ವಾ? ಪರದೆಯಲ್ಲಿ ಇದ್ದು ಚೀಟಿಯಲ್ಲಿ ಇಲ್ಲದೆ ಹೋಗ್ಲಿಕ್ಕೆ ಉಂಟಾ?"

"ಇಲ್ಲ ಮೇಡಂ," ಎಂದೆ ನಾನು. "ಪರದೆಯಲ್ಲಿ ಎಂತ ಉಂಟೋ ಅದೇ ಬರುವುದು. ಅದರಲ್ಲಿ ತಪ್ಪಾಗ್ಲಿಕ್ಕೆ ಸಾಧ್ಯ ಇಲ್ಲ."

ನರ್ಸು ನನ್ನ ಕಡೆ ತಿರುಗಿ ನೋಡಿದಳು. "ನಾನು ಟೈಪ್ ಮಾಡ್ಲಿಲ್ಲ," ಎಂದಳು, ಮೇಟ್ರನ್‌ಗಲ್ಲ, ನನಗೆ.

ಅವಳನ್ನು ವಾರ್ಡಿನಿಂದ ತೆಗೆದು ಬಟ್ಟೆಕೋಣೆಗೆ ಹಾಕಿದರು. ಅಲ್ಲಿ ಬೆಡ್‌ಶೀಟ್ ಮಡಚಿ ಇಡುವುದು ಅವಳ ಕೆಲಸ. ಮುಂದಿನ ವಾರ ಆಡಳಿತದವರು ಕೂತು ತೀರ್ಮಾನ ಮಾಡುತ್ತಾರೆ ಎಂಬ ಮಾತಿತ್ತು.

ನಾನು ಕೋಣೆಗೆ ಬಂದು ಪರೀಕ್ಷೆ ಮಾಡಿದೆ. ‘ಟೆಸ್ಟ್’ ಎಂಬ ಹೆಸರಿನ, ನಿಜವಾಗಿ ಇಲ್ಲದ ಒಬ್ಬ ರೋಗಿ ಯಂತ್ರದಲ್ಲಿದ್ದ. ಅವನ ಚೀಟಿ ತೆಗೆದೆ. ಸರಿಯಾಗಿತ್ತು. ಹತ್ತು ಸಲ ತೆಗೆದೆ. ಹತ್ತೂ ಸರಿ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. "ನಾನು ಟೈಪ್ ಮಾಡ್ಲಿಲ್ಲ" ಎಂದ ದನಿ ಕಿವಿಯಲ್ಲೇ ಇತ್ತು. ಸುಳ್ಳು ಹೇಳುವವರು ಅಷ್ಟು ಸಣ್ಣ ದನಿಯಲ್ಲಿ ಹೇಳುವುದಿಲ್ಲ ಎಂದು ಯಾಕೋ ಅನಿಸಿತು.

ಮರುದಿನ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಕಾದೆ. ಸೀನಿಯರ್ ಸಿಕ್ಕಿದರು. ಲೈನಿನಲ್ಲಿ ಗರಗರ ಶಬ್ದ. ಎರಡು ಮಾತಿನಲ್ಲಿ ಹೇಳಿದೆ. "ನಾನು ಬರೆದದ್ದಲ್ಲವಲ್ಲ ಅದು. ನೀವೇ ಕೂತು ನೋಡಬೇಕಷ್ಟೆ," ಎಂದರು. ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಲೈನು ಕಡಿಯಿತು.

ಅದರ ಮರುದಿನ ಬೆಳಿಗ್ಗೆಯೇ ಮೇಟ್ರನ್ ಹತ್ತಿರ ಆ ಹೆಂಗಸಿನ ಚೀಟಿಯನ್ನು ಕೇಳಿ ತಂದೆ. ಕೋಣೆಯಲ್ಲಿ ಅವರ ದಾಖಲೆಯನ್ನು ಪರದೆಗೆ ತೆಗೆದು, ಚೀಟಿಯ ಮೇಲೆ ಅಡಿಕೋಲು ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತ ಹೋದೆ. ಹೆಸರು ಸರಿ. ವಯಸ್ಸು ಸರಿ. ವಾರ್ಡು, ಮಂಚದ ನಂಬರು ಸರಿ. ಅಲರ್ಜಿ ಖಾಲಿ. ಆಮೇಲಿನ ಸಾಲುಗಳೆಲ್ಲ ಸರಿ. ಇಪ್ಪತ್ತಮೂರು ಸಾಲು ಮುಗಿದವು. ಇಪ್ಪತ್ತನಾಲ್ಕನೆಯದು ಪರದೆಯ ಬುಡದಲ್ಲಿ ಯಾವಾಗಲೂ ಇರುವ ಪಟ್ಟಿ, ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ನರ್ಸುಗಳಿಗೆ ನೆನಪಿಸುವ ಸಾಲು. ಅದು ಚೀಟಿಯಲ್ಲಿ ಇರಲಿಲ್ಲ.

‘ಟೆಸ್ಟ್’ ರೋಗಿಯ ಹತ್ತು ಚೀಟಿಗಳನ್ನು ಬುಟ್ಟಿಯಿಂದ ಹೆಕ್ಕಿ ತೆಗೆದೆ. ಯಾವುದರಲ್ಲೂ ಆ ಸಾಲು ಇರಲಿಲ್ಲ. ಹದಿಮೂರು ದಿನಗಳಿಂದ ಬಂದ ಯಾವ ಚೀಟಿಯಲ್ಲೂ ಇರಲಿಲ್ಲ. ನಾನು ಪ್ರತಿದಿನ ಅವುಗಳನ್ನು ನೋಡಿದ್ದೆ, ಎಷ್ಟು ಚೊಕ್ಕವಾಗಿವೆ ಎಂದು ಸಂತೋಷಪಟ್ಟಿದ್ದೆ.

ಆ ಪಟ್ಟಿಗೂ ಅಲರ್ಜಿಯ ಸಾಲಿಗೂ ಇರುವ ಸಂಬಂಧವನ್ನು ನನ್ನ ಕಣ್ಣೇ ಹೇಳಿತು. ಎರಡೂ ಹೊಳೆಯುತ್ತಿದ್ದವು. ಬೇರೆಲ್ಲ ಅಕ್ಷರ ಕಪ್ಪು ಹಿನ್ನೆಲೆಯ ಮೇಲೆ ಹಸಿರು. ಇವು ಹಸಿರು ಹಿನ್ನೆಲೆಯ ಮೇಲೆ ಕಪ್ಪು. ಅಲರ್ಜಿ ಇರುವವರದ್ದು ಥಟ್ಟನೆ ಕಣ್ಣಿಗೆ ಹೊಡೆಯಬೇಕು ಎಂದು ಡಾಕ್ಟರೇ ಕೇಳಿ ಹಾಗೆ ಮಾಡಿಸಿಕೊಂಡಿದ್ದರು. ನನ್ನ ‘ಟೆಸ್ಟ್’ ರೋಗಿಗೆ ಯಾವ ಅಲರ್ಜಿಯೂ ಇರಲಿಲ್ಲ.

ಪೆನಿಸಿಲಿನ್ ಎಂಬುದರ ಮೊದಲ ಅಕ್ಷರದ ಮೇಲೆ ನಿಂತು ‘ಇಂಚ್’ ಏನು ಕೊಡುತ್ತದೆಂದು ಸಂಖ್ಯೆಯಲ್ಲೇ ನೋಡಿದೆ. ಇಂಗ್ಲಿಷಿನ ಆ ಅಕ್ಷರಕ್ಕೆ 80 ಬರಬೇಕು. ಬಂದದ್ದು 208. ನೂರ ಇಪ್ಪತ್ತೆಂಟು ಹೆಚ್ಚು. ಮುಂದಿನ ಅಕ್ಷರಕ್ಕೂ ನೂರ ಇಪ್ಪತ್ತೆಂಟು ಹೆಚ್ಚು. ಹೊಳೆಯುವ ಅಕ್ಷರ ಎಂಬ ಗುರುತನ್ನು ಆ ಲೈಬ್ರರಿ ಬೇರೆಲ್ಲೂ ಇಡುತ್ತಿರಲಿಲ್ಲ, ಅಕ್ಷರದ ಸಂಖ್ಯೆಗೇ ನೂರ ಇಪ್ಪತ್ತೆಂಟನ್ನು ಕೂಡಿಸಿ ಇಡುತ್ತಿತ್ತು. ನಾನು 126ಕ್ಕಿಂತ ಹೆಚ್ಚಿನದನ್ನೆಲ್ಲ ಖಾಲಿ ಮಾಡಿಸಿದ್ದೆ. ಯಾವುದು ಎಲ್ಲಕ್ಕಿಂತ ಮುಖ್ಯ ಎಂದು ಗುರುತು ಮಾಡಿದ್ದೆವೋ, ನನ್ನ ಒಂದು ಸಾಲು ಅದನ್ನೇ ಆರಿಸಿ ಆರಿಸಿ ಅಳಿಸುತ್ತಿತ್ತು.

ಜೆರಾಕ್ಸ್ ಮಾಡಿದ ಕೈಪಿಡಿ ತೆಗೆದು ನೋಡಿದೆ. ಅದರಲ್ಲಿ ಇತ್ತು. ‘ಇಂಚ್’ ಅಕ್ಷರವನ್ನೂ ಅದರ ಲಕ್ಷಣಗಳನ್ನೂ ಒಟ್ಟಿಗೆ ಕೊಡುತ್ತದೆ ಎಂದು ಒಂದೇ ಸಾಲು. ಅದರ ಕೆಳಗೆ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ.

ಸರಿಪಡಿಸಲು ಬೇಕಾದದ್ದು ಒಂದು ಸಣ್ಣ ತಿದ್ದುಪಡಿ, ಹೆಚ್ಚುವರಿ ಗುರುತನ್ನು ಕಳಚಿ ಅಕ್ಷರವನ್ನು ಮಾತ್ರ ಉಳಿಸಿಕೊಳ್ಳುವುದು. ಐದು ನಿಮಿಷದಲ್ಲಿ ಆಗಿಹೋಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಸ್ವೆಟರ್ ಬಿಚ್ಚಿಟ್ಟು ಎದ್ದೆ.

ಕದ್ರಿಗೆ ಹೋಗಿ ಕಂಪೆನಿಯ ಯಜಮಾನರಿಗೆ ಹೇಳಿದೆ. ಹೋಟೆಲು ನಡೆಸುವ ದೊಡ್ಡ ಮನೆತನದವರು. ಕಂಪ್ಯೂಟರ್ ಮೇಲಿನ ಪ್ರೀತಿಯಿಂದ ಈ ಕಂಪೆನಿ ಶುರುಮಾಡಿದ್ದರು. ಕೆಟ್ಟವರಲ್ಲ. ನನ್ನ ಮಾತನ್ನು ಕೊನೆಯ ತನಕ ಕೇಳಿದರು.

"ಸರಿ ಮಾಡ್ಲಿಕ್ಕೆ ಎಷ್ಟು ಹೊತ್ತು?"

"ಐದು ನಿಮಿಷ ಸರ್."

"ಹಾಗಾದ್ರೆ ಮಾಡಿ ಬಿಡು. ಈ ನೂರ ಇಪ್ಪತ್ತೆಂಟು ಎಲ್ಲ ಅವರಿಗೆ ಹೇಳಿದ್ರೆ ಅರ್ಥ ಆಗುವುದುಂಟಾ? ಪ್ರಿಂಟರಿನ ಶಾಯಿ ರಿಬ್ಬನ್ ಮಾಸಿತ್ತು, ಬದಲಾಯಿಸಿದೆ ಅಂತ ಹೇಳು. ಆ ಹುಡುಗಿಯನ್ನೂ ನಾಲ್ಕು ದಿನ ಬಿಟ್ಟು ವಾಪಾಸು ತೆಗೊಳ್ತಾರೆ."

"ತೆಗೊಳ್ಳದಿದ್ರೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು ಮಗಾ, ಇದು ಹೊರಗೆ ಗೊತ್ತಾದ್ರೆ ಈ ಊರಲ್ಲಿ ಇನ್ನೊಂದು ಆಸ್ಪತ್ರೆ ನಮ್ಮನ್ನು ಒಳಗೆ ಸೇರಿಸ್ಲಿಕ್ಕಿಲ್ಲ. ನಿನಗೂ ಬೇರೆ ಕಡೆ ಕೆಲಸ ಸಿಕ್ಕುವುದು ಸುಲಭ ಅಲ್ಲ. ಯೋಚನೆ ಮಾಡು."

ಯೋಚನೆ ಮಾಡುತ್ತ ಬಸ್ಸಿನಲ್ಲಿ ಕೂತೆ. ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುವಾಗಲೂ ತೀರ್ಮಾನ ಆಗಿರಲಿಲ್ಲ. ಆದರೆ ಗಂಡಸರ ವಾರ್ಡಿನ ಮುಂದೆ ಹಾದುಹೋಗುವಾಗ ಸಾಲುಸಾಲು ಫೈಲುಗಳ ಮೇಲೆ ನನ್ನ ಚೀಟಿಗಳು ಕಂಡವು. ಪ್ರೋಗ್ರಾಮನ್ನು ಐದು ನಿಮಿಷದಲ್ಲಿ ಸರಿ ಮಾಡಬಹುದು. ಆಗಲೇ ಮುದ್ರಣವಾಗಿ ಮಂಚಗಳಿಗೆ ಹೋಗಿರುವ ಚೀಟಿಗಳು? ಅವು ಹಾಗೆಯೇ ಖಾಲಿ ಇರುತ್ತವೆ. ಅವನ್ನು ನಂಬಿ ಇನ್ನೊಬ್ಬ ನರ್ಸು ಇನ್ನೊಂದು ಸೂಜಿ ಚುಚ್ಚುತ್ತಾಳೆ.

ಕೋಣೆಗೆ ಹೋದವಳೇ ಮೊದಲು ಚೀಟಿಯ ಬಟನ್ನನ್ನು ನಾಲ್ಕೂ ಟರ್ಮಿನಲ್ಲುಗಳಲ್ಲಿ ನಿಲ್ಲಿಸಿದೆ. ಒತ್ತಿದರೆ ‘ಹಳೆಯ ಚೀಟಿ ನಂಬಬೇಡಿ, ಪರದೆ ನೋಡಿ’ ಎಂದು ಇಂಗ್ಲಿಷಿನಲ್ಲಿ ಬರುವ ಹಾಗೆ ಮಾಡಿದೆ. ಆಮೇಲೆ ಮೇಟ್ರನ್ ಕೋಣೆಗೆ ನಡೆದೆ.

"ಮೇಡಂ, ಆ ಸಿಸ್ಟರ್ ಹೇಳಿದ್ದು ನಿಜ. ಅವರು ಟೈಪ್ ಮಾಡ್ಲಿಲ್ಲ, ಪರದೆಯಲ್ಲಿ ಮೊದಲೇ ಇದ್ದದ್ದು ಚೀಟಿಗೆ ಬರ್ಲಿಲ್ಲ. ತಪ್ಪು ನನ್ನ ಪ್ರೋಗ್ರಾಮಿನದ್ದು. ಮೊನ್ನೆ ನಾನು ಸಾಧ್ಯವೇ ಇಲ್ಲ ಅಂತ ಹೇಳಿದ್ದೂ ತಪ್ಪು."

ಮೇಟ್ರನ್ ಬರೆಯುತ್ತಿದ್ದ ಪೆನ್ನಿನ ಮುಚ್ಚಳ ಹಾಕಿದರು. "ಎಷ್ಟು ಚೀಟಿ?"

"ಅಲರ್ಜಿ ಇರುವವರದ್ದು ಎಲ್ಲ."

ಅವರು ಬೈಯುತ್ತಾರೆಂದು ಕಾದೆ. ಅವರು ಎದ್ದು ಬಾಗಿಲಿನ ಹೊರಗೆ ತಲೆ ಹಾಕಿ, "ಬಟ್ಟೆಕೋಣೆಯಲ್ಲಿ ಉಂಟಲ್ಲ ಆ ಸಿಸ್ಟರ್, ಅವಳನ್ನು ಬರ್ಲಿಕ್ಕೆ ಹೇಳಿ," ಎಂದರು. ನರ್ಸು ಬಂದಳು. ಮೇಟ್ರನ್ ಅವಳ ಎದುರಿಗೆ ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು.

"ಈಗ ಇಬ್ಬರೂ ಹೋಗಿ," ಎಂದರು ಮೇಟ್ರನ್. "ಒಂದೊಂದೇ ಮಂಚ. ನೀವು ಪಟ್ಟಿ ಹಿಡಿದುಕೊಳ್ಳಿ. ಇವಳು ಕೇಳ್ತಾಳೆ. ಕೆಂಪು ಇಂಕಿನಲ್ಲಿ ಬರೆಯಿರಿ. ಮುಗಿಯದೆ ಊಟಕ್ಕೆ ಏಳುವ ಹಾಗಿಲ್ಲ."

ಯಂತ್ರದಿಂದ ಅಲರ್ಜಿ ಇರುವವರ ಪಟ್ಟಿಯನ್ನು ನೇರವಾಗಿ ಫೈಲಿನಿಂದಲೇ ತೆಗೆದು ಮುದ್ರಿಸಿದೆ, ಪರದೆಯಿಂದಲ್ಲ. ವಾರ್ಡುಗಳಲ್ಲಿ ಆ ಹೊತ್ತು ಒಂಬತ್ತು ಮಂದಿ ಇದ್ದರು. ಆದರೆ ನರ್ಸು ಒಂಬತ್ತೇ ಮಂಚಕ್ಕೆ ಹೋಗಲಿಲ್ಲ. ಎಲ್ಲ ಮಂಚಕ್ಕೂ ಹೋದಳು. ತುಳು, ಕೊಂಕಣಿ, ಬ್ಯಾರಿ, ಯಾರಿಗೆ ಯಾವ ಭಾಷೆಯೋ ಅದರಲ್ಲಿ ಕೇಳಿದಳು: ಯಾವ ಮದ್ದಾದರೂ ನಿಮಗೆ ಆಗದೆ ಬಂದದ್ದು ಉಂಟಾ? ನಾನು ಹಿಂದೆ ಹಿಂದೆ ಪಟ್ಟಿ ಹಿಡಿದು ನಡೆದೆ. ಅವಳು ನನ್ನ ಜೊತೆ ಮಾತನಾಡಲಿಲ್ಲ. ಚೀಟಿ ತಿದ್ದಬೇಕಾದಾಗ ಕೈ ಚಾಚುತ್ತಿದ್ದಳು, ನಾನು ಕೆಂಪು ಪೆನ್ನು ಕೊಡುತ್ತಿದ್ದೆ.

ಗಂಡಸರ ವಾರ್ಡಿನ ಮೂಲೆಯಲ್ಲಿ ಒಬ್ಬ ಮುದುಕರು ಸಲ್ಫಾ ಮಾತ್ರೆಯಿಂದ ಒಮ್ಮೆ ಮೈಯೆಲ್ಲ ಬೊಕ್ಕೆ ಎದ್ದಿತ್ತು ಎಂದರು. ಪಟ್ಟಿಯಲ್ಲಿ ಹುಡುಕಿದೆ. ಅವರ ಹೆಸರೇ ಇರಲಿಲ್ಲ. ದಾಖಲಾಗುವಾಗ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಯಂತ್ರಕ್ಕೆ ಗೊತ್ತೇ ಇಲ್ಲದ ಸಂಗತಿ. ನರ್ಸು ನನ್ನ ಕಡೆ ನೋಡದೆ ಅದನ್ನೂ ಕೆಂಪಿನಲ್ಲಿ ಬರೆದಳು.

ಮುಗಿಯುವಾಗ ಮೂರು ಗಂಟೆ ದಾಟಿತ್ತು. ಕ್ಯಾಂಟೀನಿನಲ್ಲಿ ಅನ್ನ ಮುಗಿದಿತ್ತು. ಗೋಳಿಬಜೆ ಮತ್ತು ಚಾ ತೆಗೆದುಕೊಂಡು ಒಂದೇ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆವು.

"ಕ್ಷಮಿಸಿ ಅಂತ ಹೇಳಿದ್ರೆ ಸಾಕಾಗುವುದಿಲ್ಲ, ಗೊತ್ತು ಸಿಸ್ಟರ್," ಎಂದೆ.

ಅವಳು ಚಾ ಕುಡಿದು ಮುಗಿಸಿದಳು. "ಎರಡು ದಿನ ನಾನು ಬಿಕರ್ನಕಟ್ಟೆ ಮನೆಗೆ ಹೋಗಿ ಎಂತದೂ ಆಗದ ಹಾಗೆ ಅಪ್ಪನ ಮುಂದೆ ಊಟ ಮಾಡಿದ್ದೇನೆ. ಸುಳ್ಳುಗಾರ್ತಿ ಅಂತ ಆಗಿಬಿಟ್ಟಿದ್ದೆ. ಅದನ್ನು ನೀವು ತೆಗೆದಿರಿ, ಅಷ್ಟು ಒಳ್ಳೆಯದಾಯ್ತು." ಲೋಟ ಕೆಳಗಿಟ್ಟು, "ಆದ್ರೆ ಸೂಜಿ ಹಾಕುವ ಮೊದಲು ನಾನೂ ಅವರನ್ನು ಕೇಳಬೇಕಿತ್ತು. ಚೀಟಿ ಇಲ್ಲದಾಗ ಕೇಳ್ತಿದ್ದೆ. ಚೀಟಿ ಬಂದ ಮೇಲೆ ಬಿಟ್ಟೆ. ಆ ತಪ್ಪು ನಿಮ್ಮ ಪ್ರೋಗ್ರಾಮಿನದ್ದಲ್ಲ," ಎಂದಳು.

ಅವಳು ಮರುದಿನ ವಾರ್ಡಿಗೆ ಮರಳಿದಳು. ಯಜಮಾನರು ನನ್ನ ಜೊತೆ ಬಹಳ ದಿನ ಸರಿಯಾಗಿ ಮಾತನಾಡಲಿಲ್ಲ. ಆಸ್ಪತ್ರೆಯ ಆಡಳಿತದವರು ನಮ್ಮನ್ನು ಓಡಿಸಲಿಲ್ಲ, ಆದರೆ ಎರಡು ತಿಂಗಳು ಎಲ್ಲ ಚೀಟಿಗೂ ನರ್ಸಿನ ಸಹಿ ಬೇಕು ಎಂದು ನಿಯಮ ಮಾಡಿದರು. ರೋಗಿಯ ಚೀಟಿಗೆ ನಾನು ‘ಇಂಚ್’ ಬಳಸುವುದನ್ನೇ ಬಿಟ್ಟೆ. ಅದಕ್ಕಾಗಿ ಬೇರೆ ಪ್ರೋಗ್ರಾಮ್ ಬರೆದು, ದಾಖಲೆಯಿಂದಲೇ ಓದುವ ಹಾಗೆ ಮಾಡಿದೆ. ಅಲರ್ಜಿಯ ಜಾಗ ಖಾಲಿ ಇರಲು ಬಿಡಲಿಲ್ಲ. ಕೇಳಿ ಇಲ್ಲವೆಂದಿದ್ದರೆ ‘ಇಲ್ಲ’ ಎಂದು, ಕೇಳಿಲ್ಲದಿದ್ದರೆ ‘ಕೇಳಿಲ್ಲ’ ಎಂದು ಮುದ್ರಣವಾಗಬೇಕು. ಉಳಿದ ಪರದೆಗಳಿಗೆ ಹಳೆಯ ಬಟನ್ ತಿದ್ದುಪಡಿಯ ಜೊತೆ ವಾಪಸು ಬಂತು. ಕಾರಿಡಾರಿನಲ್ಲಿ ಕೆಲವು ನರ್ಸುಗಳು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನಾನು ಮೊದಲಿಗಿಂತ ಬೇಗ ಬಂದು, ಮೊದಲಿಗಿಂತ ಕಡಿಮೆ ಹೊರಗೆ ಓಡಾಡಿ ಕೆಲಸ ಮುಗಿಸುತ್ತಿದ್ದೆ.

ಬೀಡಿ ಕಟ್ಟುವ ಆ ಹೆಂಗಸು ಬಿಡುಗಡೆಯಾದ ದಿನ ನರ್ಸು ಅವರನ್ನು ನನ್ನ ಕೋಣೆಯ ಬಾಗಿಲಿಗೆ ಕರೆತಂದಳು. "ನಿಮ್ಮ ಮೆಷಿನ್ ನೋಡಬೇಕಂತೆ," ಎಂದು ಬಿಟ್ಟುಹೋದಳು. ಕಾಲಿಗೆ ಬ್ಯಾಂಡೇಜು ಇದ್ದುದರಿಂದ ಅವರು ಒಂದೇ ಚಪ್ಪಲಿ ಬಿಚ್ಚಿ, ಗೋಡೆ ಹಿಡಿದುಕೊಂಡು ಒಳಗೆ ಬಂದರು. ಚಳಿಗೆ ಸೆರಗು ಹೊದ್ದುಕೊಂಡರು. ಅವರನ್ನು ನೇರ ನೋಡುವುದು ನನಗೆ ಆಗಲಿಲ್ಲ. ಇದ್ದದ್ದು ಒಂದೇ ಕುರ್ಚಿ, ಅದನ್ನು ಕೊಟ್ಟು ನಿಂತೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಪರದೆಯ ಕಡೆ ಬೆರಳು ಮಾಡಿ ತುಳುವಿನಲ್ಲಿ ಕೇಳಿದರು, "ನನ್ನದು ಇದರಲ್ಲಿ ಉಂಟಾ?"

ದಾಖಲೆ ತೆಗೆದೆ. ಅವರ ಹೆಸರನ್ನು ಓದಿ ಹೇಳಿದೆ. ವಯಸ್ಸು, ಊರು ಹೇಳಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು. ಹೊಳೆಯುವ ಸಾಲಿಗೆ ಬಂದು ನಾನು ನಿಂತೆ.

"ಅದು ಎಂತ, ಬೇರೆ ಹಾಗೆ ಕಾಣುವುದು?"

"ಪೆನಿಸಿಲಿನ್ ಆಗುವುದಿಲ್ಲ ಅಂತ ಬರೆದದ್ದು."

"ಯಾವಾಗ ಬರೆದದ್ದು ಅದು? ಸೂಜಿ ಹಾಕಿದ ಮೇಲಾ?"

"ಅಲ್ಲ. ನೀವು ಬಂದ ದಿನವೇ. ಕೌಂಟರಿನಲ್ಲಿ ನೀವು ಹೇಳಿದ್ದನ್ನು ಕೇಳಿ ಬರೆದದ್ದು."

ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ವರ್ಷಗಟ್ಟಲೆ ಹಿಂದೆ ಒಬ್ಬರು ಡಾಕ್ಟರು ಈ ಹೆಸರನ್ನು ನನಗೆ ಬಾಯಿಪಾಠ ಮಾಡಿಸಿದ್ದರು, ಎಲ್ಲಿ ಹೋದರೂ ಹೇಳಬೇಕು ಅಂತ. ಮಗಳು, ಅಳಿಯ, ಎಲ್ಲ ನನಗೇ ಬೈದರು. ನೀನು ಮರೆತಿರಬೇಕು, ಹೇಳಿರ್ಲಿಕ್ಕಿಲ್ಲ ಅಂತ. ಎಷ್ಟು ಸಲ ಹೇಳಿದರು ಅಂದರೆ, ನನಗೂ ಹಾಗೇ ಅನಿಸಿಬಿಟ್ಟಿತ್ತು. ಮಲಗಿದಲ್ಲಿ ಅದನ್ನೇ ಯೋಚನೆ ಮಾಡ್ತಿದ್ದೆ."

"ನೀವು ಹೇಳಿದ್ರಿ," ಎಂದೆ. "ನಾನು ಅಳಿಸಿದ್ದು."

ಅವರು ನನ್ನ ಎರಡನೆಯ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ. ಮೇಜು ಹಿಡಿದು ಎದ್ದು ನಿಂತರು.

"ಹಾಗಾದರೆ ನಾನು ಹೇಳಿದ್ದೆ," ಎಂದರು. ಹೊರಗೆ ಬೆಂಚಿನ ಮೇಲೆ ಮಗಳು ಕಾಯುತ್ತಿದ್ದಳು. ಬಾಗಿಲು ದಾಟುವ ಮೊದಲೇ ಅವಳಿಗೆ ಕೇಳುವ ಹಾಗೆ, ಗಟ್ಟಿಯಾಗಿ, ಅದನ್ನೇ ಇನ್ನೊಮ್ಮೆ ಹೇಳಿದರು.